ರೈಲಿಲ್ಲದ ಯಲ್ಲಾಪುರದಲ್ಲಿ ಸ್ವಿಚ್ ಆರಿಸಿದ್ದು

ಶಿರಸಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾನೆಲ್ ವೈರಿಂಗ್ ಮಾಡುತ್ತಿದ್ದವಳು ನಾನು. ಪ್ಯಾನೆಲ್ ಎಂದರೆ ಪಂಪುಸೆಟ್ಟಿನ ಪಕ್ಕದಲ್ಲಿ, ಹಿಟ್ಟಿನ ಗಿರಣಿಯ ಗೋಡೆಯ ಮೇಲೆ, ಅಡಿಕೆ ಒಣಗಿಸುವ ಡ್ರೈಯರಿನ ಮೈಗೆ ಅಂಟಿಕೊಂಡಿರುತ್ತದಲ್ಲ, ಆ ತಗಡಿನ ಪೆಟ್ಟಿಗೆ. ಹೊರಗಿನಿಂದ ನೋಡುವವರಿಗೆ ನಾಲ್ಕು ಗುಂಡಿ, ಎರಡು ದೀಪ. ಒಳಗಿನ ತಂತಿಗಳ ಸಂಸಾರವೆಲ್ಲ ನಮ್ಮದು. ಕೆಲಸ ಬಿಟ್ಟ ಮೇಲೂ ಹೊಸದಾಗಿ ಸೇರಿದ ಹುಡುಗಿಯರು ಒಮ್ಮೊಮ್ಮೆ ಮನೆಗೆ ಬಂದು, ಫೋನಿನಲ್ಲಿ ಚಿತ್ರ ತೋರಿಸಿ, "ಅಕ್ಕಾ, ಇದಕ್ಕೆ ಯಾವ ಸ್ವಿಚ್ ಹಾಕೋದು?" ಎಂದು ಕೇಳುತ್ತಾರೆ. ನಾನು, "ಒತ್ತೋದು ಯಾರು?" ಎಂದು ಕೇಳುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡದೆ ಮುದುಕಿ ತಲೆ ತಿನ್ನುತ್ತಾಳೆ ಎಂದುಕೊಳ್ಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೆಲ್ಪರ್ ಆಗಿ ಸೇರಿದವಳು ಮುಂದೆ ಏನೇನಾದೆ ಎಂಬುದನ್ನು ಬರೆಯುವುದಿಲ್ಲ. ಕೂರುವ ಕುರ್ಚಿ ಬದಲಾಯಿತು, ಬೆನ್ನುನೋವು ಅದೇ ಇತ್ತು. ಕೆಲಸ ಕಲಿತದ್ದು ವೀರಪ್ಪ ಮೇಸ್ತ್ರಿಯ ಕೈಯಲ್ಲಿ. ಹಾವೇರಿ ಕಡೆಯ ಆಳು, ದೊಡ್ಡ ಮೀಸೆ, ದೊಡ್ಡ ಗಂಟಲು. ತ್ಯಾಗಲಿ ಕಡೆಯಿಂದ ಎರಡು ಬಸ್ಸು ಹತ್ತಿಳಿದು ಬರುತ್ತಿದ್ದ ನನ್ನನ್ನು ಮೊದಲ ದಿನ ಮೇಲಿಂದ ಕೆಳಗೆ ನೋಡಿ, "ಹೂವು ಕಟ್ಟಾಕ ಬರತೈತೇನವಾ?" ಎಂದು ಕೇಳಿದ. ಬರುತ್ತದೆ ಎಂದೆ. "ಹಂಗಾದ್ರ ವೈರ್ ಕಟ್ಟಾಕೂ ಬರತೈತಿ, ಕುಂಡ್ರು," ಎಂದ. ನನ್ನ ಸಂದರ್ಶನ ಅಷ್ಟೇ. ಆಮೇಲೆ ವರ್ಷಗಟ್ಟಲೆ ಬೈಸಿಕೊಂಡೆ. ತಂತಿ ಒಂದು ಗೆರೆ ಓರೆಯಾದರೂ ಕಿತ್ತು ಹಾಕಿ ಮತ್ತೆ ಕಟ್ಟಿಸುತ್ತಿದ್ದ. ಪೆಟ್ಟಿಗೆಯ ಬಾಗಿಲು ಮುಚ್ಚಿದ ಮೇಲೆ ಅದನ್ನು ನೋಡುವವರು ಯಾರು ಎಂದು ನಾನೊಮ್ಮೆ ಗೊಣಗಿದ್ದಕ್ಕೆ, "ರಿಪೇರಿ ಮಾಡಾಕ ಬರಾಂವ ನೋಡ್ತಾನ. ಅಂವಾ ನಿನ್ನ ಬೈಬಾರದು," ಎಂದ. ಅವನ ಬೈಗುಳದಲ್ಲಿ ಇನ್ನೊಬ್ಬರ ಕಷ್ಟದ ಲೆಕ್ಕ ಇರುತ್ತಿತ್ತು. ಅದು ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು.

ಸ್ವಿಚ್ಚಿನ ಪಾಠ ಕಲಿತದ್ದು ಮತ್ತಿಘಟ್ಟದ ಒಂದು ಡ್ರೈಯರಿನಲ್ಲಿ. ಹೊಸ ಮಾದರಿಯ ಪುಶ್ ಬಟನ್ ಬಂದಿತ್ತು. ಸಣ್ಣಗೆ, ಚೆಂದಗೆ, ಮೂಗುಬೊಟ್ಟಿನಷ್ಟೇ. ನಾನೇ ಆಸೆಪಟ್ಟು ಹಾಕಿದ್ದೆ. ಕೊಯ್ಲು ಶುರುವಾದ ವಾರದಲ್ಲೇ ದೂರು ಬಂತು, ಬಟನ್ ಒತ್ತಿದರೆ ಒಳಗೇ ಕೂತುಬಿಡುತ್ತದೆ ಎಂದು. ಮೇಸ್ತ್ರಿಯ ಜೊತೆ ಹೋಗಿ ನೋಡಿದರೆ, ಅದನ್ನು ಒತ್ತುವವರು ಅಡಿಕೆ ಸುಲಿಯುವ ಹೆಂಗಸರು. ಅವರ ಬೆರಳಿಗೆಲ್ಲ ಚೊಗರು. ಅಡಿಕೆಯ ಆ ಕಪ್ಪು ರಸ ಒಣಗಿದರೆ ಅಂಟಿಗಿಂತ ಗಟ್ಟಿ. ಬಟನ್ನಿನ ಸುತ್ತ ಚೊಗರು ಇಳಿದು ಅಂಟಿ ಕೂತಿತ್ತು. ಸುಲಿದು ಸುಲಿದು ದಡ್ಡುಗಟ್ಟಿದ ಬೆರಳಿಗೆ ಅದು ಒಳಗೆ ಹೋಯಿತೋ ಬಂತೋ ತಿಳಿಯುತ್ತಲೂ ಇರಲಿಲ್ಲ. ಮೇಸ್ತ್ರಿ ಅಲ್ಲಿ ನನ್ನನ್ನು ಬೈಯಲಿಲ್ಲ. ಒಬ್ಬ ಹೆಂಗಸಿನ ಕೈಯನ್ನು ತೋರಿಸಿ, "ಈ ಕೈ ನೋಡಿದ್ದೇನ ನೀ, ಸ್ವಿಚ್ ಆರಿಸಿ ಹಾಕೂ ಮುಂದ?" ಎಂದ. ಅಷ್ಟೇ ಕೇಳಿದ್ದು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಮಾರನೆಯ ದಿನ ಅಂಗೈಯಿಂದ ತಿರುಗಿಸುವಂಥ ದೊಡ್ಡ ಕಿವಿಯ ಸ್ವಿಚ್ ಹಾಕಿ ಬಂದೆವು.

ಕೆಲಸದ ರೀತಿ ಬದಲಾಗುತ್ತಲೇ ಹೋಯಿತು. ಮೇಣದ ದಾರದಿಂದ ತಂತಿ ಹೊಲಿಯುತ್ತಿದ್ದದ್ದು ಹೋಗಿ ಪ್ಲಾಸ್ಟಿಕ್ ಪಟ್ಟಿ ಬಂತು. ಕಾಗದದ ನಕ್ಷೆ ಹೋಗಿ ಫೋನಿಗೆ ಚಿತ್ರ ಬರತೊಡಗಿತು. ತಾವಾಗಿ ಕೂಡಿ ಬಿಡುವ ಹತ್ತು ರಿಲೇ ಸ್ವಿಚ್ಚು ಮಾಡುವ ಕೆಲಸವನ್ನು ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿ ಮಾಡತೊಡಗಿತು. ವೀರಪ್ಪ ಮೇಸ್ತ್ರಿ ನಿವೃತ್ತನಾಗಿ ಊರಿಗೆ ಹೋದ, ಅವನ ಸ್ಟೂಲಿನ ಮೇಲೆ ನಾನು ಕೂತೆ. ಹೀಗಿರುವಾಗ ನಮ್ಮ ಕಾರ್ಖಾನೆಗೆ ಆಟಿಕೆ ರೈಲಿನ ಕೆಲಸ ಬಂತು.

ಆಟಿಕೆ ಎಂದು ಬರೆದರೆ ಅವರಿಗೆ ಬೇಜಾರಾಗುತ್ತದೆ, ಮಾದರಿ ರೈಲು ಎನ್ನಬೇಕು. ಮೊದಲು ಬಂದವರು ಸಿದ್ದಾಪುರದ ಭಟ್ಟರು, ಬ್ಯಾಂಕಿನಿಂದ ನಿವೃತ್ತರಾದವರು. ಮನೆಯ ಮಾಳಿಗೆಯ ಮೇಲೆ ದೊಡ್ಡ ಮೇಜು ಹಾಕಿ, ಬೆರಳಗಲದ ಹಳಿ ಜೋಡಿಸಿ, ಗೇಣುದ್ದದ ಬೋಗಿಗಳನ್ನು ಓಡಿಸುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಈ ಮೂರೂ ತಾಲೂಕಿಗೆ ಇನ್ನೂ ರೈಲು ಬಂದಿಲ್ಲ. ಬರುತ್ತದೆ ಬರುತ್ತದೆ ಎಂದು ಕೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಭಟ್ಟರು ಕಾದು ಬೇಸತ್ತು ತಾವೇ ತರಿಸಿಕೊಂಡರು ಎಂದು ನಾವು ನಗುತ್ತಿದ್ದೆವು.

ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಕ್ಕೆ ರೈಲಿನವರು ಪಾಯಿಂಟ್ ಎನ್ನುತ್ತಾರೆ. ಅಲ್ಲಿ ಎರಡು ಚೂಪಾದ ಹಳಿತುಂಡುಗಳು ಆಚೀಚೆ ಸರಿಯುತ್ತವೆ, ಗಾಡಿ ಅವು ತೋರಿಸಿದ ದಾರಿಗೆ ಹೋಗುತ್ತದೆ. ಭಟ್ಟರ ಮೇಜಿನಡಿಯಲ್ಲಿ ಅದನ್ನು ಸರಿಸುತ್ತಿದ್ದದ್ದು ತಂತಿ ಸುತ್ತಿದ ಕಾಯಿಲ್. ಕರೆಂಟು ಒಂದು ಕ್ಷಣ ಕೊಟ್ಟರೆ ಟಪ್ ಎಂದು ಎಳೆದು ಸುಮ್ಮನಾಗುತ್ತದೆ. ಹೆಚ್ಚು ಹೊತ್ತು ಕೊಟ್ಟರೆ ಸುಟ್ಟುಹೋಗುತ್ತದೆ. ನಮಗೆ ಅದು ಎಲ್ಲಿ ಗೊತ್ತು? ಮನೆಯ ಗೋಡೆಗೆ ಹಾಕುವಂಥ ಸ್ವಿಚ್ಚನ್ನೇ ಸಾಲಾಗಿ ಹಾಕಿಕೊಟ್ಟೆವು. ಭಟ್ಟರು ಒಂದು ಹಾಕಿ, ಗಾಡಿ ಹೋಗುವುದನ್ನು ನೋಡುತ್ತ ಆರಿಸುವುದನ್ನು ಮರೆತರು. ಮೇಜಿನಡಿಯಿಂದ ಹೊಗೆ ಬಂತು. "ಸ್ಟೀಮ್ ಇಂಜಿನ್ ಬೇಕು ಹೇಳಿ ಆನು ಹೇಳಿದ್ದಿಲ್ಯಲೇ ಲಲಿತಾ," ಎಂದರು ಫೋನಿನಲ್ಲಿ.

ಹಾಗಾದರೆ ಬೆರಳು ತೆಗೆದ ಕೂಡಲೇ ಕರೆಂಟು ನಿಲ್ಲಬೇಕು ಎಂದು ಕಾಲಿಂಗ್ ಬೆಲ್ಲಿನ ಸ್ವಿಚ್ ಹಾಕಿದೆವು. ಪುಸ್ತಕದ ಪ್ರಕಾರ ಅದು ಸರಿ. ಆದರೆ ನಮ್ಮ ಕಡೆಯವರು ಬೆಲ್ ಒತ್ತುವ ರೀತಿ ಪುಸ್ತಕದಲ್ಲಿಲ್ಲ. ಅಂಗಳದಲ್ಲಿ ನಿಂತು "ಓಯ್, ಯಾರಿದ್ರಿ?" ಎಂದು ಕೂಗಿ ಅಭ್ಯಾಸವಾದವರು ನಾವು. ಬೆಲ್ ಸಿಕ್ಕರೆ ಒಳಗಿನವರು ಬಾಗಿಲು ತೆರೆಯುವವರೆಗೂ ಬೆರಳು ತೆಗೆಯುವುದಿಲ್ಲ. ರೈಲು ನೋಡಲು ಬಂದ ಭಟ್ಟರ ಷಡ್ಡಕರು ಗುಂಡಿಯನ್ನು ಹಾಗೇ ಒತ್ತಿ ಹಿಡಿದು, ಗಾಡಿ ಬರುತ್ತದೆಂದು ಕಾಯುತ್ತ ನಿಂತರಂತೆ. ಮತ್ತೆ ಹೊಗೆ. ಆಮೇಲೆ ಕೆಪಾಸಿಟರ್ ಹಾಕಿದೆ. ಅದು ತನ್ನೊಳಗೆ ತುಂಬಿಕೊಂಡ ಕರೆಂಟನ್ನು ಒಂದೇ ಏಟಿಗೆ ಕೊಟ್ಟು ಖಾಲಿಯಾಗುತ್ತದೆ. ಷಡ್ಡಕರು ಸಂಜೆಯವರೆಗೆ ಒತ್ತಿದರೂ ಏನೂ ಸುಡುವುದಿಲ್ಲ. ಭಟ್ಟರು ಸಂತೋಷಪಟ್ಟು ಊರಿಗೆಲ್ಲ ಹೇಳಿದರು. ಹೀಗೆ ಮಾದರಿ ರೈಲಿನವರಿಗೆ ನಮ್ಮ ವಿಳಾಸ ಸಿಕ್ಕಿತು.

ಯಲ್ಲಾಪುರದ ಗಜಾನನ ಹೆಗಡೆಯವರು ಬಂದದ್ದು ನಾನು ಕೆಲಸ ಬಿಡುವ ಮುಂಚಿನ ಚಳಿಗಾಲದಲ್ಲಿ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಘಟ್ಟದಿಂದ ದೂರ, ಬಯಲುಸೀಮೆಯ ಸಣ್ಣದೊಂದು ಸ್ಟೇಷನ್ನಿನಲ್ಲಿ ಬಹಳ ವರ್ಷ ಇದ್ದರಂತೆ. ಅದೇ ಸ್ಟೇಷನ್ನನ್ನು ಮನೆಯ ನಡುಕೋಣೆಯಲ್ಲಿ ಮಾದರಿಯಾಗಿ ಕಟ್ಟಿದ್ದರು. ಭಟ್ಟರಂತೆ ಮೇಜಿನ ತುಂಬ ಗುಡ್ಡ ಬೆಟ್ಟ ಮಾಡಿರಲಿಲ್ಲ. ಒಂದು ಪ್ಲಾಟ್‌ಫಾರ್ಮ್, ಅದರ ಪಕ್ಕದ ಹಳಿ, ನಿಲ್ಲದೆ ಹೋಗುವ ಗಾಡಿಗೆ ನೇರ ಹಳಿ, ಗೂಡ್ಸ್ ಬೋಗಿ ನಿಲ್ಲಿಸಲು ಮುಂದೆ ದಾರಿಯಿಲ್ಲದ ಮೊಂಡು ಹಳಿ. ಎಲ್ಲವನ್ನೂ ಮರದಲ್ಲಿ ಗಟ್ಟಿಯಾಗಿ, ಮುಟ್ಟಿದರೆ ಮುರಿಯದ ಹಾಗೆ ಮಾಡಿದ್ದರು. ಪಾಯಿಂಟ್ ಸರಿಸಲು ಕಾಯಿಲ್ ಬದಲು ಸಣ್ಣ ಮೋಟಾರು ತರಿಸಿದ್ದರು. ಅದು ಜುಂಯ್ ಎಂದು ನಿಧಾನ ತಿರುಗಿ ಹಳಿಯನ್ನು ಸರಿಸಿ, ಅಲ್ಲೇ ಒತ್ತಿ ಹಿಡಿದುಕೊಂಡಿರುತ್ತದೆ, ಕರೆಂಟು ಇದ್ದರೂ ಸುಡುವುದಿಲ್ಲ.

"ಇದ್ಕೆ ಫೋನಿಂದ್ಲೇ ನಡೆಸೋ ಡಬ್ಬಿ ಬಂದಿದೆ ಹೆಗಡೇರೇ, ಸ್ವಿಚ್ಚೇ ಬೇಡ," ಎಂದೆ. ಕೆಲಸ ಸುಲಭವಾಗಲಿ ಎಂದು ಹೇಳಿದ್ದು.

"ನನಗಲ್ಲ," ಎಂದರು ಅವರು. "ನಮ್ಮಕ್ಕನಿಗೆ. ಅವಳಿಗೆ ಕಣ್ಣು ಕಾಣಿಸೋದಿಲ್ಲ."

ಅಕ್ಕ ಎಂದರೆ ಸರಸಮ್ಮ. ಹೆಗಡೆಕಟ್ಟಾ ಕಡೆ ಮದುವೆಯಾಗಿ ಹೋಗಿ, ಗಂಡ ತೀರಿದ ಮೇಲೂ ತೋಟವನ್ನು ತಾನೇ ನೋಡಿಕೊಂಡವರು. ಕಣ್ಣೊಳಗಿನ ಒತ್ತಡ ಏರಿ ದೃಷ್ಟಿ ಹೋದಾಗ ತಮ್ಮ ಕರೆದುಕೊಂಡು ಬಂದಿದ್ದರು. ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಬಂದ ಹೊಸತರಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಇಳಿಸಲು ಹೋಗಿ ಚೆಲ್ಲಿದರು. ಹೆಗಡೆಯವರ ಹೆಂಡತಿ ಶಾಂತಕ್ಕ ಅದನ್ನು ಒರೆಸಿ, "ಇರ್ಲಿ ಬಿಡಿ ಅತ್ತಿಗೆ, ನಿಂಗ ಕೂತ್ಗಳಿ" ಎಂದರು. ಅಂದಿನಿಂದ ಎಲ್ಲರೂ ಅದನ್ನೇ ಹೇಳತೊಡಗಿದರು. ತರಕಾರಿ ಮುಟ್ಟಿದರೆ ಇರಲಿ ಬಿಡಿ. ಬಟ್ಟೆ ಮಡಚಲು ಹೋದರೆ ಕೂತುಕೊಳ್ಳಿ. ಸರಸಮ್ಮ ಕೂತರು, ಕೂತಲ್ಲಿಂದ ಏಳುವುದನ್ನೇ ಬಿಟ್ಟರು.

"ಊಟಕ್ಕೆ ಕರೆದರೆ ಮಾತ್ರ ಏಳ್ತಾಳೆ," ಎಂದರು ಹೆಗಡೆಯವರು. "ನನ್ನನ್ನ ಎತ್ತಿ ಆಡಿಸಿದವಳು ಅವಳು. ಅವಳ ಕೈಗೆ ಒಂದು ಕೆಲಸ ಕೊಡಬೇಕು, ಲಲಿತಾ. ನಾನು ಗಾಡಿ ಬಿಡ್ತೇನೆ, ಅವಳು ದಾರಿ ಮಾಡಿಕೊಡಲಿ."

ಇಷ್ಟು ವರ್ಷ ಎಷ್ಟೋ ಪೆಟ್ಟಿಗೆ ಮಾಡಿದ್ದೆ, ಇಂಥ ಕಾರಣಕ್ಕೆ ಯಾರೂ ಮಾಡಿಸಿಕೊಂಡಿರಲಿಲ್ಲ. ಆಯಿತು ಎಂದೆ.

ಕಾರ್ಖಾನೆಯಲ್ಲಿದ್ದ ಸ್ವಿಚ್ಚುಗಳಲ್ಲಿ ಜಾತಿಗೊಂದನ್ನು ಚೀಲಕ್ಕೆ ತುಂಬಿಕೊಂಡು ಯಲ್ಲಾಪುರಕ್ಕೆ ಹೋದೆ. ಸರಸಮ್ಮ ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೈ ಮಾತ್ರ ಸುಮ್ಮನಿರಲಿಲ್ಲ, ಸೀರೆಯ ನೆರಿಗೆಯನ್ನು ಎಣಿಸುವವರಂತೆ ಎಳೆಯುತ್ತಿತ್ತು. ಶಾಂತಕ್ಕನ ಹತ್ತಿರ ಒಂದು ಮೊರ ಕೇಳಿ, ಅದರಲ್ಲಿ ಸ್ವಿಚ್ಚುಗಳನ್ನು ಹರವಿ, ಸರಸಮ್ಮನ ಮಡಿಲಿನಲ್ಲಿಟ್ಟೆ.

"ಎಂತದಿದು ತಂಗಿ?" ಎಂದರು.

"ಸ್ವಿಚ್ ಅಮ್ಮಾ. ನಿಮ್ಗೆ ಯಾವ್ದು ಬೇಕು ಆರ್ಸಿ ಕೊಡಿ."

"ಯಂಗೆ ಎಂತ ಗೊತ್ತಾಗ್ತು ಇದ್ರದ್ದು?" ಎನ್ನುತ್ತಲೇ ಬೆರಳು ಮೊರಕ್ಕೆ ಇಳಿಯಿತು. ಮೊದಲು ಸುಮ್ಮನೆ ಸವರಿದರು. ಆಮೇಲೆ ಒಂದೊಂದನ್ನೇ ಎತ್ತಿ ಆಚೆ ಈಚೆ ಮಾಡಿ ನೋಡಿದರು. ಯಾಲಕ್ಕಿ ಹಸನು ಮಾಡುವವರ ಹಾಗೆ ಬೇಡದ್ದನ್ನು ಮೊರದ ಅಂಚಿಗೆ ದೂಡುತ್ತ ಹೋದರು. ಬೆಲ್ಲಿನ ಗುಂಡಿಯನ್ನು ಒತ್ತಿ ಬಿಟ್ಟು, "ಇದು ಮೊದ್ಲಿದ್ದಲ್ಲಿಗೇ ಬತ್ತು. ಒತ್ತಿದ್ದು ಹೌದೋ ಅಲ್ದೋ ಹೇಳಿ ಆಮೇಲೆ ಹ್ಯಾಂಗೆ ಗೊತ್ತಾಗವು?" ಎಂದರು. ಗಾಳಿಯಂತೆ ಹಗುರವಾಗಿ ಸರಿಯುವ ಚಪ್ಪಟೆ ಸ್ವಿಚ್ಚನ್ನು, "ಇದಕ್ಕೆ ಜೀವ ಇಲ್ಲೆ" ಎಂದು ಬದಿಗಿಟ್ಟರು. ದುಂಡಗೆ ತಿರುಗುವುದನ್ನು ಎರಡು ಸಲ ತಿರುಗಿಸಿ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಹುಡುಕಿ ಬೇಸತ್ತು ಬಿಟ್ಟರು. ಕೊನೆಗೆ ಕೈಯಲ್ಲಿ ಉಳಿದದ್ದು ಉಕ್ಕಿನ ಉದ್ದ ಕಡ್ಡಿಯ ಟಾಗಲ್ ಸ್ವಿಚ್. ಟಕ್ ಎಂದು ಒಂದು ಬದಿಗೆ ಬೀಳುತ್ತದೆ, ಮತ್ತೆ ಮುಟ್ಟುವವರೆಗೂ ಅಲ್ಲೇ ಇರುತ್ತದೆ. ಹಳೆಯ ಮಾದರಿ, ನಾವು ಅದನ್ನು ಬಳಸುವುದು ಬಿಟ್ಟು ಬಹಳ ವರ್ಷವಾಗಿತ್ತು.

"ಇದು ಅಡ್ಡಿಲ್ಲೆ," ಎಂದರು. "ಯಾವ ಬದಿಗೆ ಇದ್ದು ಹೇಳಿ ಕೇಳಿದ್ರೆ ಹೇಳ್ತು."

ಒಂದು ಹಲಗೆಯ ಮೇಲೆ ಹಿತ್ತಾಳೆಯ ತಂತಿಯನ್ನು ಹಳಿ ಇದ್ದ ಹಾಗೇ ಬಗ್ಗಿಸಿ ಅಂಟಿಸಿದೆ. ಬೆರಳನ್ನು ತಂತಿಯ ಮೇಲೆ ಜಾರಿಸುತ್ತ ಹೋದರೆ ಕವಲು ಸಿಗುತ್ತದೆ, ಕವಲಿನಲ್ಲಿ ಸ್ವಿಚ್ಚಿನ ಕಡ್ಡಿ ಸಿಗುತ್ತದೆ. ಕಡ್ಡಿ ಯಾವ ತಂತಿಯ ಕಡೆಗೆ ವಾಲಿದೆಯೋ ಗಾಡಿ ಆ ದಾರಿಗೆ ಹೋಗುತ್ತದೆ. ಮೊಂಡು ಹಳಿಯ ಕಡ್ಡಿಗೆ ಮಾತ್ರ ಗುರುತಿಗೆಂದು ರಬ್ಬರಿನ ಟೊಪ್ಪಿ. ಇಲ್ಲಿ ಹೊಸಬರು ಒಂದು ವಿಷಯ ತಿಳಿದಿರಬೇಕು. ಟಾಗಲ್ ಸ್ವಿಚ್ಚಿನ ಕಡ್ಡಿ ಎಡಕ್ಕೆ ವಾಲಿದರೆ ಒಳಗೆ ಕೂಡುವುದು ತಂತಿ ಬೆಸೆಯುವ ಬಲಗಡೆಯ ಕಾಲುಗಳು. ನಾನು ಅದನ್ನು ನೆನಪಿಟ್ಟು ಅದಲು ಬದಲು ಮಾಡಿ ತಂತಿ ಕಟ್ಟಿದ್ದೆ. ಹೆಗಡೆಯವರಿಗೂ ಅದು ಗೊತ್ತಿತ್ತು, ನನಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು ಮೋಟಾರಿನ ಕಡೆ ಅವರೂ ಅದಲು ಬದಲು ಮಾಡಿದ್ದರು. ಇಬ್ಬರ ಜಾಣತನ ಸೇರಿ ಎಲ್ಲ ತಿರುಗುಮುರುಗಾಯಿತು. ಶಾಂತಕ್ಕ ಚಹಾ ತಂದುಕೊಟ್ಟು, "ಒಬ್ರೇ ಮಾಡಿದ್ರೆ ಸರಿಯಾಗ್ತಿತ್ತು" ಎಂದರು.

ಅದನ್ನು ಸರಿಪಡಿಸಿದ ಮೇಲೂ ಸರಸಮ್ಮನ ಕೈ ತಪ್ಪುತ್ತಲೇ ಇತ್ತು. ಹೆಗಡೆಯವರು "ಪ್ಲಾಟ್‌ಫಾರ್ಮಿಗೆ ತಗ ಅಕ್ಕ" ಎಂದರೆ ಅವರು ನೇರ ಹಳಿಗೆ ಹಾಕುತ್ತಿದ್ದರು. ಒಂದು ಸಲವಲ್ಲ, ಪ್ರತಿ ಸಲ. ಗಾಡಿ ಇನ್ನೂ ಬಿಟ್ಟಿರಲಿಲ್ಲ, ಬರೀ ಕೈ ಅಭ್ಯಾಸ. ಹೆಗಡೆಯವರು ಅವರ ಕೈ ಹಿಡಿದು, "ಈ ಬದಿಗೆ ಅಕ್ಕ, ಈ ಬದಿಗೆ" ಎಂದು ತಿರುಗಿಸುತ್ತಿದ್ದರು. ಎರಡನೆಯ ದಿನ ಸರಸಮ್ಮ ಕೈಯನ್ನು ಹಿಂದಕ್ಕೆ ಎಳೆದು ಮಡಿಲಲ್ಲಿಟ್ಟುಕೊಂಡರು. ನನಗೆ ಹೆದರಿಕೆಯಾಯಿತು. ಹಾಲಿನ ಪಾತ್ರೆಯ ಕಥೆ ಮತ್ತೆ ಆಗುತ್ತದೆ ಎನಿಸಿತು.

ಹೆಗಡೆಯವರು ಹೊರಗೆ ಹೋದಾಗ ಹತ್ತಿರ ಕೂತು ಕೇಳಿದೆ. "ಅಮ್ಮಾ, ಕಡ್ಡಿ ತಿರುಗಿಸ್ವಾಗ ಮನಸ್ನಲ್ಲಿ ಎಂತ ಅಂದ್ಕಳ್ತ್ರಿ?"

ಮಡಿಲಲ್ಲಿದ್ದ ಕೈಯನ್ನು ಗಾಳಿಯಲ್ಲೇ ತಿರುಗಿಸಿ ನೋಡಿ ಹೇಳಿದರು. "ದಂಬೆ ತಿರುಗಿಸ್ತಾ ಇದ್ದಿ ಹೇಳಿ ಅಂದ್ಕತ್ತಿ."

ದಂಬೆ ಎಂದರೆ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಮಾಡುವ ನೀರಿನ ದೋಣಿ. ಗುಡ್ಡದ ಮೇಲಿನ ಒರತೆಯಿಂದ ಮನೆಯವರೆಗೆ ಒಂದಕ್ಕೊಂದು ಜೋಡಿಸಿರುತ್ತಾರೆ. ಕೊನೆಯ ದಂಬೆಯ ತುದಿಯನ್ನು ಬಚ್ಚಲ ಕಡೆಗೆ ತಿರುಗಿಸಿದರೆ ಬಚ್ಚಲಿಗೆ ನೀರು, ತೋಟದ ಕಡೆಗೆ ತಿರುಗಿಸಿದರೆ ತೋಟಕ್ಕೆ. ಸರಸಮ್ಮ ಜೀವಮಾನವಿಡೀ ಮಾಡಿದ ಕೆಲಸ. ಹಾಗೆ ತಿರುಗಿಸುವವರು ನೀರು ಬರುವ ದಿಕ್ಕಿಗೆ, ಗುಡ್ಡಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಹೆಗಡೆಯವರು ಅಕ್ಕನನ್ನು ಕೂರಿಸಿದ್ದು ಮೇಜಿನ ಆ ತುದಿಯಲ್ಲಿ, ಗಾಡಿ ಹೊರಡುವ ಕಡೆ, ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ. ಸರಸಮ್ಮನ ಮನಸ್ಸು ಕೂತದ್ದು ಈ ತುದಿಯಲ್ಲಿ, ಬರುವ ಗಾಡಿಯ ಎದುರಿಗೆ. ತಮ್ಮನ ಎಡ ಅಕ್ಕನ ಬಲವಾಗಿತ್ತು.

ಕೈಯನ್ನು ತಿದ್ದುವ ಬದಲು ನಾನು ಹಲಗೆಯನ್ನೇ ಕಿತ್ತೆ. ಮೇಜಿನ ಈ ತುದಿಗೆ ತಂದು, ಹಿತ್ತಾಳೆಯ ತಂತಿಗಳನ್ನು ಹಿಂದುಮುಂದಾಗಿ ಅಂಟಿಸಿ ಕೂರಿಸಿದೆ. ಹೆಗಡೆಯವರು ಬಂದು ನೋಡಿ, "ಎಂತಕ್ಕೆ ಬಿಚ್ಚಿದ್ದು?" ಎಂದರು. ಸರಸಮ್ಮನ ಕುರ್ಚಿಯನ್ನು ಈಚೆ ಎಳೆದು ಕೂರಿಸಿ, ನೀವೇ ಹೇಳಿ ನೋಡಿ ಎಂದೆ. ಅವರು ಪ್ಲಾಟ್‌ಫಾರ್ಮ್ ಎಂದರು, ಕಡ್ಡಿ ಪ್ಲಾಟ್‌ಫಾರ್ಮಿಗೆ ಬಿತ್ತು. ನೇರ ಎಂದರು, ನೇರ. ಗೂಡ್ಸ್ ಎಂದರು, ಸರಸಮ್ಮನ ಬೆರಳು ತಂತಿಯ ಮೇಲೆ ಓಡಿ ರಬ್ಬರಿನ ಟೊಪ್ಪಿಯನ್ನು ಹಿಡಿದು ಟಕ್ ಎನ್ನಿಸಿತು. ಮೇಜಿನಡಿ ಮೋಟಾರು ಜುಂಯ್ ಎಂದು ತಿರುಗಿ ನಿಂತಿತು. ಅದು ನಿಂತ ಮೇಲೆ ಸರಸಮ್ಮ, "ಆತು" ಎಂದರು. ಹೆಗಡೆಯವರು ಮುಖ ತಿರುಗಿಸಿಕೊಂಡು ಕನ್ನಡಕ ಒರೆಸಿದರು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನಾನು ಹೊರಡುವಾಗ ಹೆಗಡೆಯವರು ಗೇಟಿನವರೆಗೆ ಬಂದು, ದನಿ ತಗ್ಗಿಸಿ ಇನ್ನೊಂದು ಕೆಲಸ ಹೇಳಿದರು. ಮೇಜಿನಡಿಯಲ್ಲಿ, ತಮ್ಮ ಕೈಗೆ ಸಿಗುವ ಹಾಗೆ, ಕಾಣದಂತೆ ಇನ್ನೊಂದು ಸ್ವಿಚ್ ಬೇಕಂತೆ. ಸರಸಮ್ಮ ಮೊಂಡು ಹಳಿಯ ಕಡ್ಡಿಯನ್ನು ಮರೆತು ಹಾಗೇ ಬಿಟ್ಟರೆ, ಇವರು ಅದನ್ನು ಒತ್ತಿ ಗಾಡಿಯನ್ನು ಸರಿದಾರಿಗೆ ತರುತ್ತಾರೆ. ಅಕ್ಕನಿಗೆ ತಪ್ಪಿದ್ದೇ ಗೊತ್ತಾಗಬಾರದು.

"ನಾ ಹೇಳ್ತೆ ಹೆಗಡೇರೇ, ಅದು ಬೇಡ," ಎಂದೆ. "ಅಮ್ಮನ ಕೈಗೆ ಕೊಟ್ಟ ಹಾಗೆ ಮಾಡಿ ಹಿಂದಿನಿಂದ ಕಸ್ಕಂಡ ಹಾಗೆ ಆಗ್ತದೆ."

"ನಿನಗೆ ಗೊತ್ತಿಲ್ಲ ಲಲಿತಾ. ಇನ್ನೊಂದು ಸಲ ತಪ್ಪಿದರೆ ಅವಳು ಆ ಕಿಟಕಿ ಬಿಟ್ಟು ಮತ್ತೆ ಏಳೋದಿಲ್ಲ. ನನಗೆ ಆ ಧೈರ್ಯ ಇಲ್ಲ," ಎಂದರು. ಅವರ ಕಣ್ಣಿನಲ್ಲಿದ್ದ ಹೆದರಿಕೆ ನಿಜವಾದದ್ದು. ನನಗೆ ಸಿಟ್ಟೂ ಬಂತು, ಪಾಪವೂ ಎನಿಸಿತು. ಮನೆ ಅವರದ್ದು, ಅಕ್ಕ ಅವರದ್ದು. ಮಾರನೆಯ ವಾರ ಹೋಗಿ ಮೇಜಿನಡಿಗೆ ಸಣ್ಣ ಗುಂಡಿಯೊಂದನ್ನು ಕೂರಿಸಿ ಬಂದೆ. ಕೈ ಕೆಲಸ ಮಾಡಿತು, ಮನಸ್ಸು ಒಪ್ಪಲಿಲ್ಲ.

ಗಾಡಿ ಬಿಡುವ ದಿನ ನನ್ನನ್ನೂ ಕರೆದಿದ್ದರು. ಶಾಂತಕ್ಕ ಕಬ್ಬಿನ ಹಾಲಿನ ತೆಳ್ಳನೆಯ ಸಿಹಿ, ತೊಡೆದೇವು, ಮಾಡಿದ್ದರು. ಸರಸಮ್ಮ ಒಗೆದ ಸೀರೆ ಉಟ್ಟು ಹಲಗೆಯ ಮುಂದೆ ಕೂತಿದ್ದರು. ಹೆಗಡೆಯವರು ಎದುರಿನ ತುದಿಯಲ್ಲಿ ನಿಂತು, ಬಲಗೈಯನ್ನು ವೇಗದ ಗುಂಡಿಯ ಮೇಲಿಟ್ಟಿದ್ದರು. ಎಡಗೈ ಮೇಜಿನಡಿ ಇತ್ತು. ಅದು ಅಲ್ಲಿ ಏಕಿದೆ ಎಂದು ನನಗೂ ಅವರಿಗೂ ಮಾತ್ರ ಗೊತ್ತು.

ಮೊದಲು ಒಂದು ಗೂಡ್ಸ್ ಬಂತು, ಸರಸಮ್ಮ ಅದನ್ನು ಮೊಂಡು ಹಳಿಗೆ ತೆಗೆದುಕೊಂಡರು. ಬೋಗಿ ಅಲ್ಲೇ ಬಿಟ್ಟು ಇಂಜಿನ್ ಹಿಂದಕ್ಕೆ ಹೋಯಿತು. ಆಮೇಲೆ ಪ್ಯಾಸೆಂಜರ್ ಗಾಡಿ ಪ್ಲಾಟ್‌ಫಾರ್ಮಿಗೆ ಬರಬೇಕು. "ಪ್ಯಾಸೆಂಜರ್ ಬತ್ತಾ ಇದ್ದು ಅಕ್ಕ," ಎಂದರು ಹೆಗಡೆಯವರು. ಸರಸಮ್ಮ ಪ್ಲಾಟ್‌ಫಾರ್ಮಿನ ಕಡ್ಡಿಯನ್ನು ಸರಿಯಾಗಿಯೇ ಹಾಕಿದರು. ಆದರೆ ರಬ್ಬರಿನ ಟೊಪ್ಪಿಯ ಕಡ್ಡಿ ಇನ್ನೂ ಮೊಂಡು ಹಳಿಯ ಕಡೆಗೇ ವಾಲಿತ್ತು. ಅದನ್ನು ಮರೆತೇಬಿಟ್ಟಿದ್ದರು. ನಾನು ನೋಡಿದೆ, ಹೆಗಡೆಯವರೂ ನೋಡಿದರು. ಅವರ ಎಡ ಭುಜ ಅಲುಗಿತು. ಗುಂಡಿ ಹುಡುಕುವಷ್ಟರಲ್ಲಿ ಇಂಜಿನ್ನಿನ ಮುಂದಿನ ಚಕ್ರ ಪಾಯಿಂಟಿನ ಮೇಲೆ ಬಂದಾಗಿತ್ತು.

ಅವರು ಒತ್ತಲಿಲ್ಲ. ಗಾಡಿ ಪಾಯಿಂಟಿನ ಮೇಲಿರುವಾಗ ಅದನ್ನು ತಿರುಗಿಸಬಾರದು ಎಂಬುದು ರೈಲಿನವರಿಗೆ ಉಸಿರಿನಷ್ಟೇ ಅಭ್ಯಾಸವಂತೆ. ನಿಜವಾದ ರೈಲಿನಲ್ಲಿ ಹಾಗೆ ಮಾಡಿದರೆ ಜನ ಸಾಯುತ್ತಾರೆ. ಆ ಕೈ ಒಮ್ಮೆಯೂ ಹಾಗೆ ಮಾಡಿರಲಿಲ್ಲ, ಆಗಲೂ ಮಾಡಲಿಲ್ಲ. ಬಲಗೈಯಿಂದ ವೇಗ ಇಳಿಸಬಹುದಿತ್ತು ಎಂಬುದು ನೆನಪಾಗುವ ಹೊತ್ತಿಗೆ ಪ್ಯಾಸೆಂಜರ್ ಗಾಡಿ ಗೂಡ್ಸ್ ಬೋಗಿಗೆ ಗುದ್ದಿ, ಬೋಗಿ ಮೇಜಿನಿಂದ ಹಾರಿ ನೆಲಕ್ಕೆ ಬಿತ್ತು.

"ಎಂತ ಬಿತ್ತು?" ಎಂದರು ಸರಸಮ್ಮ.

ಶಾಂತಕ್ಕ ಓಡಿ ಬಂದು, "ಎಂತ ಇಲ್ಲೆ ಅತ್ತಿಗೆ, ಒಳಗೆ ಪಾತ್ರೆ ಬಿತ್ತು," ಎಂದರು.

"ಪಾತ್ರೆ ಸಪ್ಪಳ ಹ್ಯಾಂಗಿರ್ತು ಹೇಳಿ ಯಂಗೆ ಗೊತ್ತಿದ್ದು ಶಾಂತಾ." ಸರಸಮ್ಮ ಮುಖವನ್ನು ತಮ್ಮನ ಕಡೆಗೆ ತಿರುಗಿಸಿದರು. "ಗಜೂ, ನೀ ಹೇಳು. ಯಾರ ತಪ್ಪು?"

ಹೆಗಡೆಯವರು ಮೇಜಿನಡಿಯಿಂದ ಎಡಗೈಯನ್ನು ಹೊರಗೆ ತೆಗೆದರು. ನಾನು ಅವರನ್ನೇ ನೋಡುತ್ತಿದ್ದೆ. ಏನಾದರೊಂದು ಸುಳ್ಳು ಹೇಳಿ ಕೈ ತೊಳೆದುಕೊಳ್ಳುತ್ತಾರೆ ಎಂದೇ ಅಂದುಕೊಂಡಿದ್ದೆ.

"ನಿಂದು ಅಕ್ಕ," ಎಂದರು. "ಗೂಡ್ಸ್ ಒಳಗೆ ತಗಂಡ ಮೇಲೆ ಪಾಯಿಂಟ್ ವಾಪಸ್ ಹಾಕಲೆ ಮರ್ತೆ ನೀನು. ಪ್ಯಾಸೆಂಜರ್ ಹೋಗಿ ಗೂಡ್ಸಿಗೆ ಗುದ್ದಿದ್ದು."

ಸರಸಮ್ಮನ ತುಟಿ ಬಿರಿದು ನಗು ಬಂತು. ಅಳುವೇ ಇರಬೇಕೆಂದು ನಾನು ಮೊದಲು ತಿಳಿದೆ, ನಗುವೇ ಆಗಿತ್ತು.

"ಕಣ್ಣು ಹೋದ ಮೇಲೆ ಆನು ತಪ್ಪಿದ್ದು ಹೇಳಿ ಯಾರೂ ಹೇಳಿದ್ವಿಲ್ಲೆ," ಎಂದರು. "ಎಲ್ಲರೂ ಇರ್ಲಿ ಬಿಡು ಹೇಳಿದ್ವು. ಇರ್ಲಿ ಬಿಡು ಹೇಳಿದ್ರೆ ಮತ್ತೆ ಮಾಡುಲೆ ಎಂತ ಇರ್ತು?" ಬೆರಳು ಹಲಗೆಯ ಮೇಲೆ ಓಡಿತು. ತಂತಿ ಹಿಡಿದು ಹೋಗಿ, ರಬ್ಬರಿನ ಟೊಪ್ಪಿಯನ್ನು ಹುಡುಕಿಕೊಂಡು, ಅದು ವಾಲಿದ ಬದಿಯನ್ನು ಮುಟ್ಟಿ ನೋಡಿ, "ಹೌದು, ಮರ್ತಿದ್ದಿ" ಎಂದರು. ಟಕ್ ಎಂದು ಆಚೆಗೆ ಹಾಕಿದರು. ಮೋಟಾರು ತಿರುಗಿ ನಿಲ್ಲುವವರೆಗೂ ಕಿವಿಗೊಟ್ಟು ಕೇಳಿದರು. "ಬಿದ್ದಿದ್ದನ್ನ ಎತ್ತಿ ಸರಿ ಇಡು. ಮೊದ್ಲಿಂದ ಮಾಡನ."

ನಾನು ಬೋಗಿಯನ್ನು ಹೆಕ್ಕಿ ಹಳಿಯ ಮೇಲಿಟ್ಟೆ, ಪ್ಯಾಸೆಂಜರನ್ನು ಎತ್ತಿ ಸ್ಟೇಷನ್ನಿನ ಹೊರಗಿನ ಹಳಿಯಲ್ಲಿ ನಿಲ್ಲಿಸಿದೆ. ತಲೆ ಎತ್ತಿದರೆ ಹೆಗಡೆಯವರು ಕಾಣಲಿಲ್ಲ. ಮೇಜಿನಡಿ ಮಂಡಿಯೂರಿದ್ದರು. ಒಂದು ಕೈ ಹೊರಗೆ ಚಾಚಿ, ಸನ್ನೆಯಲ್ಲೇ ಸ್ಕ್ರೂಡ್ರೈವರ್ ಕೇಳಿದರು. ಕೊಟ್ಟೆ.

ಸ್ಕ್ರೂ ತಿರುಗುವ ಸದ್ದು ಸರಸಮ್ಮನಿಗೆ ಕೇಳಿಸಿತು. "ಗಜೂ, ಮೇಜಿನಡಿಗೆ ಎಂತ ಮಾಡ್ತಾ ಇದ್ದೆ?"

"ಒಂದು ಸ್ವಿಚ್ ಜಾಸ್ತಿ ಆಗಿತ್ತು ಅಕ್ಕ. ತೆಗೀತಾ ಇದ್ದಿ."

"ಬೇಗ ತೆಗೆದು ಬಾ," ಎಂದರು ಸರಸಮ್ಮ. "ಪ್ಯಾಸೆಂಜರ್ ಹೊರಗೆ ನಿಂತಿದ್ದು."